ನಮ್ಮ ಸೌರಮಂಡಲದಲ್ಲಿ ಕಪ್ಪುದ್ರವ್ಯ ಇದೆಯೇ? ಕೊಡಗಿನ ಆಕಾಶ ವೀಕ್ಷಕರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ವಿದ್ಯಾರ್ಥಿಗಳು, ಮೇಷ್ಟ್ರುಗಳು, ರಾತ್ರಿ ಆಕಾಶ ನೋಡುವ ಹವ್ಯಾಸಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಅಂಕಿಗಳನ್ನು ಬಿಟ್ಟು ಓದಿದರೂ ವಿಷಯ ತಿಳಿಯುತ್ತದೆ. ಆದರೆ ಈ ವಿಷಯದ ಸ್ವಾರಸ್ಯವೆಲ್ಲ ಅಂಕಿಗಳಲ್ಲೇ ಇದೆ.

ಸುತ್ತಿ ಬಳಸದೆ ಹೇಳಿ: ಇದೆಯೋ, ಇಲ್ಲವೋ?

ಇದೆ, ಆದರೆ ತೀರಾ ಕಡಿಮೆ. ಕಪ್ಪುದ್ರವ್ಯ ಎಂದರೆ ಕಣ್ಣಿಗೆ ಕಾಣದ, ತನ್ನ ಗುರುತ್ವದ ಎಳೆತದಿಂದ ಮಾತ್ರ ಗೊತ್ತಾಗುವ ದ್ರವ್ಯ. ನಮ್ಮ ಸುತ್ತಲಿನ ನಕ್ಷತ್ರಗಳ ಓಟ ನೋಡಿ ಲೆಕ್ಕ ಹಾಕಿದರೆ ಸೌರಮಂಡಲವೂ ಕಪ್ಪುದ್ರವ್ಯದೊಳಗೇ ಸಾಗುತ್ತಿದೆ ಎನ್ನಬೇಕಾಗುತ್ತದೆ. ಆದರೆ ಅದರ ಒಂದು ಕಣವನ್ನೂ ಇದುವರೆಗೆ ಯಾರೂ ಹಿಡಿದಿಲ್ಲ. ಗ್ರಹಗಳ ಚಲನೆಯಲ್ಲಿ ಅದರ ಗುರುತೂ ಸಿಕ್ಕಿಲ್ಲ. ಈ ಎರಡು ಮಾತಿಗೆ ಪರಸ್ಪರ ವಿರೋಧವಿಲ್ಲ. ಯಾಕೆ ಎನ್ನುವುದೇ ಮುಂದಿನ ಉತ್ತರಗಳ ಸಾರ.

‘ಕಪ್ಪು’ ಎಂದರೆ ಬಣ್ಣವೇ? ಆಕಾಶಗಂಗೆಯ ನಡುವೆ ಕಾಣುವ ಕಪ್ಪು ಪಟ್ಟೆ ಅದೇನಾ?

ಅಲ್ಲ, ಅದು ಧೂಳು. ಮಾರ್ಚ್‌ನ ಬೆಳಗಿನ ಜಾವ ದೀಪವಿಲ್ಲದ ಬೆಟ್ಟದ ಮೇಲೆ ನಿಂತರೆ ಆಕಾಶಗಂಗೆಯನ್ನು ಉದ್ದಕ್ಕೆ ಸೀಳಿದಂತೆ ಕಾಣುವ ಕಪ್ಪು ಜಾಡು ಇಂಗಾಲ, ಸಿಲಿಕೇಟ್‌ಗಳ ಸಣ್ಣ ಕಣಗಳಿಂದ ಆದದ್ದು. ಹಿಂದಿನ ನಕ್ಷತ್ರಗಳ ಬೆಳಕನ್ನು ಅದು ತಡೆಯುತ್ತದೆ. ಕಪ್ಪುದ್ರವ್ಯ ಬೆಳಕನ್ನು ತಡೆಯುವುದೂ ಇಲ್ಲ, ಹೀರುವುದೂ ಇಲ್ಲ, ಸೂಸುವುದೂ ಇಲ್ಲ. ನಿಜಕ್ಕೆ ‘ಪಾರದರ್ಶಕ ದ್ರವ್ಯ’ ಎನ್ನಬೇಕಿತ್ತು. ಹೆಸರು ಹಾಗೇ ಉಳಿದುಬಿಟ್ಟಿದೆ.

ಎಷ್ಟಿದೆ? ನಮಗೆ ಅರ್ಥವಾಗುವ ಅಳತೆಯಲ್ಲಿ ಹೇಳಿ.

ಸೂರ್ಯನ ನೆರೆಯಲ್ಲಿ ಪ್ರತಿ 3 ಘನ ಸೆಂಟಿಮೀಟರ್ ಜಾಗಕ್ಕೆ ಸುಮಾರು ಒಂದು ಪ್ರೋಟಾನಿನ ತೂಕದಷ್ಟು ಕಪ್ಪುದ್ರವ್ಯವಿದೆ. ಅಂದರೆ ಒಂದು ಟೀ ಚಮಚದೊಳಗೆ ಒಂದೂವರೆ–ಎರಡು ಪ್ರೋಟಾನಿನ ತೂಕ.

ಇದನ್ನು ದೊಡ್ಡದು ಮಾಡುತ್ತಾ ಹೋಗೋಣ. ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿ.ಮೀ. ಅದರ ಮೇಲೆ 10 ಕಿ.ಮೀ. ಎತ್ತರದವರೆಗಿನ ಇಡೀ ಜಾಗದಲ್ಲಿ ಈ ಕ್ಷಣ ಇರುವ ಕಪ್ಪುದ್ರವ್ಯ 20ರಿಂದ 30 ಮೈಕ್ರೋಗ್ರಾಂ. ಕಾಫಿ ಪುಡಿಯ ಒಂದು ಸಣ್ಣ ಕಾಳು ಎಂದುಕೊಳ್ಳಿ. ಇಡೀ ಭೂಮಿಯ ಗಾತ್ರದೊಳಗೆ ಅರ್ಧದಿಂದ ಮುಕ್ಕಾಲು ಕೆ.ಜಿ. ಒಂದು ಕೆ.ಜಿ.ಯ ಕಾಫಿ ಪುಡಿ ಪೊಟ್ಟಣವೂ ತುಂಬುವುದಿಲ್ಲ.

ಶನಿಯ ಕಕ್ಷೆಯಷ್ಟು ದೊಡ್ಡ ಗೋಳದೊಳಗೆ 6ರಿಂದ 9 ಲಕ್ಷ ಕೋಟಿ ಟನ್ ಇರುತ್ತದೆ. ಕೇಳಲು ದೊಡ್ಡದು, ಆದರೆ ಮಂಗಳನ ಪುಟ್ಟ ಚಂದ್ರ ಫೋಬೋಸ್ ಒಂದರ ತೂಕವೇ ಇದಕ್ಕಿಂತ ಹೆಚ್ಚು. ನೆಪ್ಚೂನ್‌ವರೆಗೆ ಹೋದರೆ 200ರಿಂದ 270 ಲಕ್ಷ ಕೋಟಿ ಟನ್. ಅದೂ ಸೂರ್ಯನ ತೂಕದ 10 ಲಕ್ಷ ಕೋಟಿಯಲ್ಲಿ ಒಂದು ಪಾಲು ಅಷ್ಟೇ.

ಹೋಲಿಕೆಗೆ ಇನ್ನೊಂದು: ಭೂಮಿಯ ಹತ್ತಿರ ಸೌರಮಾರುತವೇ (ಸೂರ್ಯನಿಂದ ಸದಾ ಹೊರಬೀಳುವ ಕಣಗಳ ಹರಿವು) ಘನ ಸೆಂಟಿಮೀಟರಿಗೆ ಸುಮಾರು 5 ಪ್ರೋಟಾನ್ ಇರುತ್ತದೆ, ಕಪ್ಪುದ್ರವ್ಯಕ್ಕಿಂತ ಹತ್ತು ಪಟ್ಟಿಗೂ ಮಿಕ್ಕಿ. ಆದರೆ ಸೂರ್ಯನಿಂದ ದೂರ ಹೋದಂತೆ ಸೌರಮಾರುತ ತೆಳುವಾಗುತ್ತದೆ, ಕಪ್ಪುದ್ರವ್ಯ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಗುರುವಿನ ಕಕ್ಷೆ ಮುಟ್ಟುವಷ್ಟರಲ್ಲಿ ಕಪ್ಪುದ್ರವ್ಯದ್ದೇ ಮೇಲುಗೈ.

ವಿಶ್ವದ ದ್ರವ್ಯದಲ್ಲಿ ಶೇಕಡಾ 85 ಕಪ್ಪುದ್ರವ್ಯ ಅನ್ನುತ್ತಾರೆ. ಇಲ್ಲಿ ಮಾತ್ರ ಯಾಕೆ ಇಷ್ಟು ಬಡತನ?

ಇಲ್ಲಿ ಕಪ್ಪುದ್ರವ್ಯ ಕಡಿಮೆಯಾಗಿಲ್ಲ, ಸಾಮಾನ್ಯ ದ್ರವ್ಯ ಒಂದೇ ಕಡೆ ಗುಡ್ಡೆ ಬಿದ್ದಿದೆ. ಅನಿಲದ ಮೋಡ ಕುಗ್ಗುವಾಗ ಬಿಸಿಯಾಗುತ್ತದೆ, ಆ ಬಿಸಿಯನ್ನು ಬೆಳಕಾಗಿ ಹೊರಗೆ ಚೆಲ್ಲಿ ತಣ್ಣಗಾಗುತ್ತದೆ, ಮತ್ತೆ ಕುಗ್ಗುತ್ತದೆ. ಹೀಗೇ ಕುಗ್ಗಿ ಕುಗ್ಗಿ ಸೂರ್ಯ, ಗ್ರಹ, ಬೆಟ್ಟ ಎಲ್ಲ ಆದವು. ಬೆಳಕು ಸೂಸಲಾಗದ ಕಪ್ಪುದ್ರವ್ಯಕ್ಕೆ ಬಿಸಿ ಕಳೆದುಕೊಳ್ಳುವ ದಾರಿಯಿಲ್ಲ. ಅದಕ್ಕೇ ಅದು ಇಡೀ ಆಕಾಶಗಂಗೆಯನ್ನು ಸುತ್ತುವರಿದು ಹರಡಿಕೊಂಡೇ ಉಳಿದಿದೆ.

ಆಷಾಢದ ಮಂಜು ನೆನೆಸಿಕೊಳ್ಳಿ. ಒಂದು ಲೋಟದಷ್ಟು ಜಾಗದ ಮಂಜಿನಲ್ಲಿ ಒಂದು ತೊಟ್ಟು ನೀರೂ ಇರುವುದಿಲ್ಲ. ಆದರೆ ಕಣಿವೆ ತುಂಬಾ ಇರುವ ಮಂಜಿನ ನೀರನ್ನು ಕೂಡಿಸಿದರೆ ಟ್ಯಾಂಕರ್‌ಗಟ್ಟಲೆ ಆಗುತ್ತದೆ. ಕಪ್ಪುದ್ರವ್ಯದ ತೂಕ ಗೊತ್ತಾಗುವುದೂ ಹೀಗೆ, ಸಾವಿರಾರು ಜ್ಯೋತಿರ್ವರ್ಷಗಳ ಹರವನ್ನು ಒಟ್ಟಿಗೆ ತೂಗಿದಾಗ ಮಾತ್ರ.

ಇಲ್ಲಿ ಕಂಡಿಲ್ಲ ಅಂದಮೇಲೆ ‘3 ಘನ ಸೆಂಟಿಮೀಟರಿಗೆ ಒಂದು ಪ್ರೋಟಾನ್’ ಎಂಬ ಲೆಕ್ಕ ಬಂದದ್ದು ಎಲ್ಲಿಂದ?

ನೆರೆಯ ನಕ್ಷತ್ರಗಳಿಂದ. ಆಕಾಶಗಂಗೆ ದೋಸೆಯಂತೆ ಚಪ್ಪಟೆ. ಅದರೊಳಗಿನ ನಕ್ಷತ್ರಗಳು ಸುತ್ತು ಹಾಕುತ್ತಲೇ ತಟ್ಟೆಯ ಮೇಲಕ್ಕೂ ಕೆಳಕ್ಕೂ ತೂಗುತ್ತವೆ. ಒಂದೇ ಜಾತಿಯ ಸಾವಿರಾರು ನಕ್ಷತ್ರಗಳನ್ನು ಆರಿಸಿ, ಯಾವ ಎತ್ತರದಲ್ಲಿ ಎಷ್ಟಿವೆ, ಮೇಲೆ-ಕೆಳಗೆ ಎಷ್ಟು ವೇಗದಲ್ಲಿ ಓಡುತ್ತವೆ ಎಂದು ಅಳೆಯಬೇಕು. ವೇಗ ಜಾಸ್ತಿಯಿದ್ದೂ ದೂರ ಹೋಗದೆ ಹಿಂತಿರುಗಿದರೆ, ಎಳೆಯುವ ದ್ರವ್ಯ ಅಷ್ಟಿದೆ ಎಂದರ್ಥ. ಒಟ್ಟು ಎಳೆತದಿಂದ ಕಾಣುವ ನಕ್ಷತ್ರ ಮತ್ತು ಅನಿಲದ ಪಾಲನ್ನು ಕಳೆದರೆ ಉಳಿಯುವುದು ಕಪ್ಪುದ್ರವ್ಯ. ನೆದರ್ಲೆಂಡ್ಸ್‌ನ ಖಗೋಳಜ್ಞ ಯಾನ್ ಊರ್ಟ್ 1932ರಲ್ಲೇ ಈ ಬಗೆಯ ಲೆಕ್ಕ ಹಾಕಿದ್ದರು. 2013ರ ಡಿಸೆಂಬರ್‌ನಲ್ಲಿ ಹಾರಿದ ಗಾಯಾ ಉಪಗ್ರಹದ ಅಳತೆಗಳು ಅದನ್ನು ಬಹಳ ಹರಿತ ಮಾಡಿವೆ.

ತಪ್ಪಾಗುವುದು ಕಳೆಯುವ ಹಂತದಲ್ಲಿ. ತಟ್ಟೆಯ ನಡುಭಾಗದಲ್ಲಿ ನಕ್ಷತ್ರ-ಅನಿಲದ ಪಾಲು ಕಪ್ಪುದ್ರವ್ಯದ ಹತ್ತು ಪಟ್ಟಿನಷ್ಟಿದೆ. ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆ ಕಳೆದು ಚಿಕ್ಕದನ್ನು ಪಡೆಯುವಾಗ, ಅನಿಲದ ಲೆಕ್ಕದಲ್ಲಿ ಸ್ವಲ್ಪ ಏರುಪೇರಾದರೂ ಉತ್ತರ ಅಲುಗಾಡುತ್ತದೆ. ಮೇಲಿನ ಅಂಕಿಗಳನ್ನೆಲ್ಲ ‘ಇಷ್ಟರಿಂದ ಇಷ್ಟು’ ಎಂದು ಕೊಟ್ಟಿರುವುದು ಈ ಕಾರಣಕ್ಕೆ. ಕಣಗಳು ಸೌರಮಂಡಲದ ಅಳತೆಯಲ್ಲಿ ಸಮನಾಗಿ ಹರಡಿವೆ ಎಂಬುದೂ ಇಲ್ಲಿ ಒಂದು ಊಹೆಯೇ, ಮರೆಯಬಾರದು.

ಸೂರ್ಯನಿಗೆ ಅಷ್ಟೊಂದು ಗುರುತ್ವ ಇದೆಯಲ್ಲ, ಎಳೆದು ಗುಡ್ಡೆ ಹಾಕಿಕೊಳ್ಳುವುದಿಲ್ಲವೇ?

ಭೂಮಿಯಷ್ಟು ದೂರದಲ್ಲಿ ಸೂರ್ಯನ ಹಿಡಿತದಿಂದ ತಪ್ಪಿಸಿಕೊಳ್ಳಲು ಸೆಕೆಂಡಿಗೆ 42 ಕಿ.ಮೀ. ವೇಗ ಸಾಕು. ಕಪ್ಪುದ್ರವ್ಯದ ಕಣಗಳು ಬರುವುದೇ ಸೆಕೆಂಡಿಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿ. ಸೂರ್ಯನ ಕಡೆ ಬರುವಾಗ ವೇಗ ಏರುತ್ತದೆ, ದಾಟಿ ಹೋಗುವಾಗ ಅಷ್ಟೇ ಇಳಿಯುತ್ತದೆ. ದಾರಿ ಒಂದಿಷ್ಟು ಬಾಗುತ್ತದೆ, ಅಷ್ಟೇ. ಹಿಡಿದು ನಿಲ್ಲಿಸಲು ಘರ್ಷಣೆ ಬೇಕು, ಅದೇ ಇಲ್ಲಿಲ್ಲ. ಗುರುಗ್ರಹದ ಎಳೆತಕ್ಕೆ ಸಿಕ್ಕಿ ಕೆಲವು ಕಣ ಸೆರೆಯಾಗಬಹುದು, ಆದರೆ ಅದೇ ಗುರು ಅಂಥವನ್ನು ಹೊರಕ್ಕೂ ಎಸೆಯುತ್ತದೆ.

ಅಪರೂಪಕ್ಕೆ ಒಂದು ಕಣ ಸೂರ್ಯನೊಳಗಿನ ಪರಮಾಣುವಿಗೆ ಬಡಿದು ಸಿಕ್ಕಿಬೀಳಬಹುದು. ಹಾಗೆ ಸೇರಿದ ಕಣಗಳು ಒಂದನ್ನೊಂದು ನಾಶಮಾಡಿದರೆ ಹೆಚ್ಚಿನ ಶಕ್ತಿಯ ನ್ಯೂಟ್ರಿನೊಗಳು (ಯಾವುದಕ್ಕೂ ಸುಲಭವಾಗಿ ಬಡಿಯದ ಅತಿ ಹಗುರ ಕಣಗಳು) ಹೊರಡಬೇಕು. ಅಂಟಾರ್ಕ್ಟಿಕದ ಐಸ್‌ಕ್ಯೂಬ್ ಮತ್ತು ಜಪಾನಿನ ಸೂಪರ್ ಕಾಮಿಯೋಕಾಂಡೆಯಲ್ಲಿ ಸೂರ್ಯನ ದಿಕ್ಕಿನಿಂದ ಅಂಥವನ್ನು ಹುಡುಕಿದ್ದಾರೆ. ಸಿಕ್ಕಿಲ್ಲ.

ಗ್ರಹಗಳ ಚಲನೆಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲವೇ?

ತತ್ವದ ಮಟ್ಟಿಗೆ ಕಾಣಬೇಕು. ಗ್ರಹದ ಕಕ್ಷೆಯೊಳಗೆ ಸಮನಾಗಿ ಹರಡಿದ ದ್ರವ್ಯವಿದ್ದರೆ, ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಹತ್ತಿರದ ಬಿಂದು ಪ್ರತಿ ಸುತ್ತಿಗೂ ಚೂರುಚೂರೇ ಹಿಂದಕ್ಕೆ ಸರಿಯಬೇಕು. ರಷ್ಯದ ಪಿತ್ಯೇವ್ ಮತ್ತು ಪಿತ್ಯೇವಾ 2013ರಲ್ಲಿ ಗ್ರಹಗಳ, ನೌಕೆಗಳ 6 ಲಕ್ಷಕ್ಕೂ ಹೆಚ್ಚು ಅಳತೆಗಳನ್ನು ಜೋಡಿಸಿ ನೋಡಿದರು. ಶನಿಯ ಕಕ್ಷೆಯೊಳಗೆ ಕಪ್ಪುದ್ರವ್ಯ ಎಷ್ಟೇ ಇದ್ದರೂ ಸೆರೆಸ್ ಎಂಬ ಕುಬ್ಜಗ್ರಹದ ಸುಮಾರು ಮೂರನೇ ಒಂದು ಪಾಲನ್ನು ಮೀರಲಾರದು ಎಂಬ ಮಿತಿ ಸಿಕ್ಕಿತು. ನಿರೀಕ್ಷಿತ ತೂಕ ಈ ಮಿತಿಗಿಂತ ಹತ್ತಾರು ಸಾವಿರ ಪಟ್ಟು ಕಡಿಮೆ. ಕಾಫಿ ಮೂಟೆ ತೂಗುವ ತಕ್ಕಡಿಯಲ್ಲಿ ಒಂದು ಗ್ರಾಂ ಏಲಕ್ಕಿ ಇಟ್ಟ ಹಾಗೆ. ಮುಳ್ಳು ಅಲ್ಲಾಡಲಿಲ್ಲ ಎಂದರೆ ಏಲಕ್ಕಿ ಇಲ್ಲ ಎಂದಲ್ಲ.

ಶಾಲೆಯಲ್ಲೇ ಮಾಡಬಹುದಾದ ಲೆಕ್ಕ ಏನಾದರೂ ಇದೆಯೇ?

ಇದೆ, ಪೆನ್ಸಿಲ್ಲು ಮತ್ತು ಕ್ಯಾಲ್ಕುಲೇಟರ್ ಸಾಕು. ಗ್ರಹದ ಸರಾಸರಿ ವೇಗವನ್ನು (ಸೆಕೆಂಡಿಗೆ ಕಿ.ಮೀ.) ವರ್ಗ ಮಾಡಿ, ಸೂರ್ಯನಿಂದ ಅದರ ದೂರದಿಂದ ಗುಣಿಸಿ. ದೂರವನ್ನು ಭೂಮಿ–ಸೂರ್ಯ ಅಂತರದ ಪಟ್ಟಿನಲ್ಲಿ ಹಿಡಿಯಿರಿ. ಭೂಮಿಗೆ 29.78ರ ವರ್ಗ ಗುಣಿಸು 1, ಅಂದರೆ 887. ಗುರುವಿಗೆ 13.07, 5.20: ಉತ್ತರ 888. ನೆಪ್ಚೂನ್‌ಗೆ 5.43, 30.07: ಉತ್ತರ 887. ಮೂರೂ ಒಂದೇ. ಎಳೆಯುವ ತೂಕವೆಲ್ಲ ನಡುವಿನ ಸೂರ್ಯನಲ್ಲೇ ಇದೆ, ಹೊರಗೆ ಹೋದಂತೆ ಹೆಚ್ಚಾಗುತ್ತಿಲ್ಲ ಎಂದಾಯಿತು.

ಮಕ್ಕಳು ಎರಡು ಕಡೆ ಎಡವುತ್ತಾರೆ. ನೆಪ್ಚೂನ್ ವೇಗವನ್ನು 5.4 ಎಂದು ಮೊಟಕು ಮಾಡಿದರೆ 877 ಬರುತ್ತದೆ, ದಶಾಂಶದ ಎರಡು ಸ್ಥಾನ ಇಟ್ಟುಕೊಳ್ಳಿ. ಬುಧನಿಗೆ (47.36, 0.387) 868 ಬರುತ್ತದೆ. ಅದು ತಪ್ಪು ಲೆಕ್ಕವಲ್ಲ. ಬುಧನ ಕಕ್ಷೆ ಮೊಟ್ಟೆಯಂತೆ ಉದ್ದ, ಹಾಗಾಗಿ ಸರಾಸರಿ ವೇಗ ವೃತ್ತದ ವೇಗಕ್ಕಿಂತ ಕಡಿಮೆ. ಇದನ್ನೇ ಕಪ್ಪುದ್ರವ್ಯದ ಗುರುತು ಎಂದುಕೊಂಡು ಸಂಭ್ರಮಪಡಬೇಡಿ.

ಇದೇ ಲೆಕ್ಕವನ್ನು ಆಕಾಶಗಂಗೆಗೆ ಹಾಕಿದರೆ ಚಿತ್ರ ಬೇರೆ. ಅಲ್ಲಿ ಹೊರಗೆ ಹೋದರೂ ವೇಗ ನಿರೀಕ್ಷೆಯಂತೆ ಇಳಿಯುವುದಿಲ್ಲ, ಗುಣಲಬ್ಧ ಏರುತ್ತಲೇ ಹೋಗುತ್ತದೆ. ಅಮೆರಿಕದ ಖಗೋಳಜ್ಞರಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯಲ್ಲಿ ತೋರಿಸಿದ್ದು ಇದನ್ನೇ.

ಹಿಂದೆ ಸೌರಮಂಡಲದಲ್ಲೇ ಏನೋ ಗಡಿಬಿಡಿ ಕಂಡಿತ್ತಂತೆ?

ಮೂರು ಸಲ. ಯುರೇನಸ್ ದಾರಿ ತಪ್ಪಿದಾಗ ‘ಕಾಣದ ದ್ರವ್ಯ ಎಳೆಯುತ್ತಿದೆ’ ಎಂದು ಲೆಕ್ಕ ಹಾಕಿದ ಫ್ರಾನ್ಸಿನ ಖಗೋಳಜ್ಞ ಲೆವೆರಿಯೇ ಗೆದ್ದರು: 1846ರ ಸೆಪ್ಟೆಂಬರ್ 23ರಂದು ಬರ್ಲಿನ್‌ನಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆ ಲೆಕ್ಕಕ್ಕಿಂತ ತುಸು ಹೆಚ್ಚಾಗಿ ತಿರುಗುತ್ತದೆ (ಈಗಿನ ಅಳತೆಯಲ್ಲಿ ಶತಮಾನಕ್ಕೆ 43 ವಿಕಲೆ, ಒಂದು ವಿಕಲೆ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು) ಎಂದು ಕಂಡಾಗ ಅವರೇ ‘ವಲ್ಕನ್’ ಎಂಬ ಗ್ರಹ ಊಹಿಸಿ ಸೋತರು. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ತಿದ್ದಿ ಅದನ್ನು ಬಿಡಿಸಿದರು. ಮೂರನೆಯದು ಅಮೆರಿಕದ ಪಯೋನಿಯರ್ ನೌಕೆಗಳು ಲೆಕ್ಕಕ್ಕಿಂತ ನಿಧಾನವಾದದ್ದು. ಕಪ್ಪುದ್ರವ್ಯವೇ ಇರಬೇಕು ಎಂದವರೂ ಇದ್ದರು. 2012ರ ಹೊತ್ತಿಗೆ ಕಾರಣ ಗೊತ್ತಾಯಿತು: ನೌಕೆಯ ವಿದ್ಯುತ್ ಮೂಲದ ಶಾಖ ಒಂದು ಕಡೆಗೆ ಹೆಚ್ಚು ಸೂಸಿ ನೌಕೆಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಕಾಣದ ಗ್ರಹ, ತಪ್ಪು ನಿಯಮ, ಉಪಕರಣದ ದೋಷ. ಹೊಸ ಗಡಿಬಿಡಿ ಕಂಡಾಗ ನಾವು ಮೊದಲು ಮೂರನೆಯದನ್ನೇ ಅನುಮಾನಿಸುತ್ತೇವೆ.

ರಾಹು-ಕೇತು ಛಾಯಾಗ್ರಹಗಳು ಎಂದರೆ ಕಪ್ಪುದ್ರವ್ಯವೇ?

ಅಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳು ರಾಹು ಮತ್ತು ಕೇತು. ಅಲ್ಲಿ ವಸ್ತುವಿಲ್ಲ, ಬರೀ ಜ್ಯಾಮಿತಿ. ಸುಮಾರು 18.6 ವರ್ಷಕ್ಕೆ ಒಂದು ಸುತ್ತು ಬರುತ್ತವೆ.

‘ಕಪ್ಪುದ್ರವ್ಯದ ಗಾಳಿ’ ಎಂದರೇನು? ಕೊಡಗಿನಿಂದ ಅದು ಯಾವ ದಿಕ್ಕು?

ಸೂರ್ಯ ನಮ್ಮನ್ನೆಲ್ಲ ಕಟ್ಟಿಕೊಂಡು ಸೆಕೆಂಡಿಗೆ ಸುಮಾರು 230 ಕಿ.ಮೀ. ವೇಗದಲ್ಲಿ ಆಕಾಶಗಂಗೆಯನ್ನು ಸುತ್ತುತ್ತಿದ್ದಾನೆ. ಕಪ್ಪುದ್ರವ್ಯ ಒಟ್ಟಾರೆ ಹಾಗೆ ಸುತ್ತುವುದಿಲ್ಲ. ಗಾಳಿಯಿಲ್ಲದ ದಿನ ಬೈಕಿನಲ್ಲಿ ಹೋದರೂ ಮುಖಕ್ಕೆ ಗಾಳಿ ಬಡಿಯುವಂತೆ, ಅದು ಎದುರಿನಿಂದ ಬರುತ್ತದೆ.

ಎದುರು ದಿಕ್ಕು ಹಂಸ ನಕ್ಷತ್ರಪುಂಜ, ಡೆನೆಬ್ ನಕ್ಷತ್ರದ ಹತ್ತಿರ. ತುಲಾ ಸಂಕ್ರಮಣದ ದಿನಗಳಲ್ಲಿ ಸಂಜೆ ಏಳೂವರೆಗೆ ತಲಕಾವೇರಿಯಲ್ಲಿ ಮೋಡ ಸರಿದಿದ್ದರೆ, ನೇರ ಉತ್ತರಕ್ಕೆ ಮುಖ ಮಾಡಿ, ದಿಗಂತದಿಂದ ನೆತ್ತಿಯ ಕಡೆಗೆ ಮೂರರಲ್ಲಿ ಎರಡು ಪಾಲು ಕಣ್ಣೆತ್ತಿ. ಅಲ್ಲಿ ಹೊಳೆಯುವುದೇ ಡೆನೆಬ್. ಡಿಸೆಂಬರ್ ಮೊದಲ ವಾರ ಸಂಜೆ ಏಳಕ್ಕೆ ಅದು ವಾಯವ್ಯಕ್ಕೆ ವಾಲಿ ಅರ್ಧ ಎತ್ತರದಲ್ಲಿರುತ್ತದೆ.

ಈ ಗಾಳಿಗೂ ಋತುವಿದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುತ್ತದೆ, ಅದರಲ್ಲಿ ಅರ್ಧದಷ್ಟು ಈ ಗಾಳಿಯ ದಿಕ್ಕಿಗೆ ಸೇರುತ್ತದೆ. ಜೂನ್ 2ರ ಸುಮಾರಿಗೆ, ಇಲ್ಲಿ ಮುಂಗಾರು ಕಾಲಿಡುವ ಹೊತ್ತಿಗೆ, ಗಾಳಿ ಅತಿ ಜೋರು. ಡಿಸೆಂಬರ್ ಮೊದಲಲ್ಲಿ, ಪುತ್ತರಿಯ ಆಸುಪಾಸಿನಲ್ಲಿ, ಅತಿ ಮೆಲ್ಲಗೆ. ವ್ಯತ್ಯಾಸ ಸುಮಾರು 15 ಕಿ.ಮೀ. ಮೇಲೆ, 15 ಕಿ.ಮೀ. ಕೆಳಗೆ.

ಆ ಏರಿಳಿತವನ್ನು ಯಾರಾದರೂ ಕಂಡಿದ್ದಾರೆಯೇ?

ಇಟಲಿಯ ಗ್ರಾನ್ ಸಾಸ್ಸೋ ಬೆಟ್ಟದೊಳಗಿನ ಡಾಮಾ ಪ್ರಯೋಗದವರು ‘ಕಂಡಿದ್ದೇವೆ’ ಎನ್ನುತ್ತಾರೆ. ಅವರ ಸೋಡಿಯಂ ಅಯೊಡೈಡ್ ಹರಳುಗಳಲ್ಲಿ, ಕಣ ಬಡಿದಾಗ ಮೂಡುವ ಮಿಂಚುಗಳ ಎಣಿಕೆ ವರ್ಷವರ್ಷವೂ ಬೇಸಿಗೆಯಲ್ಲಿ ಏರಿ ಚಳಿಗಾಲದಲ್ಲಿ ಇಳಿಯುತ್ತಿತ್ತು. ಅದೇ ಬಗೆಯ ಹರಳಿನಿಂದ ಸ್ಪೇನಿನ ಅನಾಯಿಸ್, ಕೊರಿಯಾದ ಕೊಸೈನ್-100 ಪ್ರಯೋಗಗಳು ನೋಡಿದಾಗ ಆ ಏರಿಳಿತ ಕಾಣಲಿಲ್ಲ. ತೊಂದರೆಯ ಮೂಲ ಕೊಡಗಿನವರಿಗೆ ಬೇಗ ಹೊಳೆಯಬೇಕು: ವರ್ಷಕ್ಕೊಮ್ಮೆ ಏರಿಳಿಯುವುದು ಕಪ್ಪುದ್ರವ್ಯ ಒಂದೇ ಅಲ್ಲ. ತಾಪಮಾನ, ತೇವ, ಬಂಡೆಯಿಂದ ಬರುವ ರೇಡಾನ್ ಅನಿಲ, ವಿಶ್ವಕಿರಣಗಳಿಂದ ಹುಟ್ಟಿ ಮೇಲಿನಿಂದ ಬೀಳುವ ಮ್ಯುವಾನ್ ಕಣ ಎಲ್ಲಕ್ಕೂ ಋತುಮಾನವಿದೆ. ನಮ್ಮ ಮಟ್ಟಿಗೆ ಡಾಮಾ ಫಲಿತಾಂಶವನ್ನು ಕಪ್ಪುದ್ರವ್ಯದ ಸಾಕ್ಷಿಯಾಗಿ ಒಪ್ಪಲು ಆಗುವುದಿಲ್ಲ.

ಹಿಡಿಯುವ ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಈಗ ಮುಂದಿರುವುದು ದ್ರವ ಝೆನಾನ್ ತೊಟ್ಟಿಗಳು. ಅಮೆರಿಕದ ಸೌತ್ ಡಕೋಟದ ಹಳೇ ಚಿನ್ನದ ಗಣಿಯಲ್ಲಿ, ಸುಮಾರು 1.5 ಕಿ.ಮೀ. ಆಳದಲ್ಲಿರುವ ಎಲ್‌ಝೆಡ್ ಎಂಬ ಪ್ರಯೋಗದಲ್ಲಿ 10 ಟನ್ ಝೆನಾನ್ ಇದೆ. ಅದರಲ್ಲಿ 7 ಟನ್ನಿನ ಮೇಲೆ ಕಣ್ಣಿಟ್ಟಿರುತ್ತಾರೆ. ಸೊನ್ನೆಗಿಂತ ಸುಮಾರು 100 ಡಿಗ್ರಿ ಕೆಳಗೆ ತಣಿಸಿ ದ್ರವವಾಗಿ ಇಡುತ್ತಾರೆ. ಕಣವೊಂದು ಝೆನಾನ್ ನ್ಯೂಕ್ಲಿಯಸ್‌ಗೆ ಬಡಿದರೆ ಮೊದಲು ಒಂದು ಸಣ್ಣ ಮಿಂಚು. ಆಗ ಕಳಚಿದ ಎಲೆಕ್ಟ್ರಾನುಗಳನ್ನು ವಿದ್ಯುತ್ ಕ್ಷೇತ್ರ ಮೇಲಕ್ಕೆಳೆದು, ದ್ರವದ ಮೇಲಿನ ಅನಿಲದ ಪದರದಲ್ಲಿ ಎರಡನೇ ಮಿಂಚು ಹೊಡೆಸುತ್ತದೆ. ಎರಡು ಮಿಂಚುಗಳ ನಡುವಿನ ಸಮಯ ಆಳ ಹೇಳುತ್ತದೆ, ಎರಡನೆಯದು ಎಲ್ಲಿ ಮೂಡಿತು ಎಂಬುದು ಉದ್ದಗಲ ಹೇಳುತ್ತದೆ. ಎರಡರ ಪ್ರಮಾಣ ನೋಡಿದರೆ ಬಡಿದದ್ದು ನ್ಯೂಕ್ಲಿಯಸ್‌ಗೋ ಎಲೆಕ್ಟ್ರಾನಿಗೋ ಎಂದು ತಿಳಿಯುತ್ತದೆ. ಗಾಮಾ ಕಿರಣಗಳು ಎಲೆಕ್ಟ್ರಾನಿಗೆ ಬಡಿಯುತ್ತವೆ, ಅವನ್ನು ಬದಿಗಿಡಬಹುದು.

ಬದಿಗಿಡಲಾಗದವೂ ಇವೆ. ಲೋಹದಿಂದ ಒಸರುವ ರೇಡಾನ್, ಝೆನಾನ್ ಜೊತೆ ಬೆರೆತು ಬರುವ ಕ್ರಿಪ್ಟಾನ್-85, ಬಂಡೆಯ ನ್ಯೂಟ್ರಾನ್. ನ್ಯೂಟ್ರಾನ್ ಅಂತೂ ಕಪ್ಪುದ್ರವ್ಯದ ಹಾಗೇ ನ್ಯೂಕ್ಲಿಯಸ್‌ಗೆ ಬಡಿಯುತ್ತದೆ. ಆದರೆ ಅದು ಒಂದಕ್ಕಿಂತ ಹೆಚ್ಚು ಸಲ ಬಡಿಯುವ ಸಾಧ್ಯತೆ ಇರುವುದರಿಂದ ಸಿಕ್ಕಿಬೀಳುತ್ತದೆ. 2024ರಲ್ಲಿ ಎಲ್‌ಝೆಡ್ 280 ದಿನಗಳ ಲೆಕ್ಕ ಪ್ರಕಟಿಸಿತು. ಕಪ್ಪುದ್ರವ್ಯದ ಕುರುಹಿಲ್ಲ. ಅದೇ ವರ್ಷ ಇಟಲಿಯ ಝೆನಾನ್-ಎನ್‌ಟಿ ಮತ್ತು ಚೀನಾದ ಪಾಂಡಾ-ಎಕ್ಸ್ ತೊಟ್ಟಿಗಳಲ್ಲಿ ಸೂರ್ಯನ ನ್ಯೂಟ್ರಿನೊಗಳು ನ್ಯೂಕ್ಲಿಯಸ್‌ಗೆ ಬಡಿದ ಸೂಚನೆ ಸಿಕ್ಕಿತು. ಯಂತ್ರ ಅಷ್ಟು ಸೂಕ್ಷ್ಮವಾಗಿದೆ ಎಂಬುದು ಖುಷಿ. ಇನ್ನು ಮುಂದೆ ನ್ಯೂಟ್ರಿನೊಗಳೇ ಮಂಜಿನಂತೆ ಅಡ್ಡ ಬರುತ್ತವೆ ಎಂಬುದು ತಲೆನೋವು.

ತಡಿಯಂಡಮೋಳ್ ಅಷ್ಟು ಎತ್ತರವಿದೆ, ಅಲ್ಲಿ ಪ್ರಯೋಗ ಮಾಡಬಾರದೇ?

ಎತ್ತರ ಇಲ್ಲಿ ಶತ್ರು. ಮೇಲೆ ಹೋದಷ್ಟೂ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ ಜಾಸ್ತಿ, ಅವೂ ಯಂತ್ರದಲ್ಲಿ ಮಿಂಚು ಹುಟ್ಟಿಸುತ್ತವೆ. ಅವನ್ನು ತಡೆಯಲು ಬೇಕಾದದ್ದು ತಲೆಯ ಮೇಲೆ ಬಂಡೆ. ತಡಿಯಂಡಮೋಳ್ 1,748 ಮೀಟರ್ ಎಂಬುದು ಸಮುದ್ರಮಟ್ಟದಿಂದ ಅಳೆದದ್ದು. ಸುರಂಗದ ಲೆಕ್ಕಕ್ಕೆ ಬರುವುದು ಬುಡದಿಂದ ತುದಿಗೆ ಎಷ್ಟು ಎಂಬುದು ಮಾತ್ರ.

ಕನ್ನಡ ನಾಡಿಗೆ ಇದರಲ್ಲಿ ದೊಡ್ಡ ಪಾಲಿದೆ. ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತ್ತು, ಜಗತ್ತಿನ ಮೊದಮೊದಲಿನ ದಾಖಲೆಗಳಲ್ಲಿ ಅದೂ ಒಂದು. 2001ರಲ್ಲಿ ಗಣಿ ಮುಚ್ಚಿತು. ಈಗ ದೇಶದಲ್ಲಿ ಕಪ್ಪುದ್ರವ್ಯದ ಹುಡುಕಾಟ ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಲ್ಲಿ, 555 ಮೀಟರ್ ಆಳದ ಪ್ರಯೋಗಾಲಯದಲ್ಲಿ ನಡೆಯುತ್ತಿದೆ.

ಆ ಕಣಗಳು ನಮ್ಮ ಮೈಯೊಳಗೂ ಹಾದುಹೋಗುತ್ತವೆಯೇ? ಅಪಾಯವಿಲ್ಲವೇ?

ಒಂದು ಕಣ 100 ಪ್ರೋಟಾನಿನಷ್ಟು ಭಾರ ಎಂದುಕೊಂಡರೆ, ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 70,000 ಹಾದುಹೋಗುತ್ತವೆ. ಅದೇ ಜಾಗದಲ್ಲಿ ಸೂರ್ಯನ ನ್ಯೂಟ್ರಿನೊಗಳು ಸೆಕೆಂಡಿಗೆ 6,000 ಕೋಟಿಗೂ ಹೆಚ್ಚು. ಎರಡರಿಂದಲೂ ಮೈಗೆ ಏನೂ ಆಗುವುದಿಲ್ಲ. ಏಳು ಟನ್ ಝೆನಾನಿಗೇ ಬಡಿಯದ್ದು ಅರವತ್ತು ಕಿಲೋ ಮನುಷ್ಯನಿಗೆ ಬಡಿದೀತೇ?

ಕಣ ಇಷ್ಟೇ ಭಾರ ಎಂದೇನೂ ನಿಗದಿಯಿಲ್ಲ. ಆಕ್ಸಿಯಾನ್ ಎಂಬ ಊಹೆಯ ಪ್ರಕಾರ ಅದು ಎಲೆಕ್ಟ್ರಾನಿಗಿಂತ ಎಷ್ಟೋ ಕೋಟಿ ಪಟ್ಟು ಹಗುರ. ಅದನ್ನು ಹುಡುಕುವವರು ಬಲವಾದ ಅಯಸ್ಕಾಂತದೊಳಗೆ ಲೋಹದ ಡಬ್ಬಿ ಇಟ್ಟು, ರೇಡಿಯೊ ಸ್ಟೇಷನ್ ಹುಡುಕುವ ಹಾಗೆ ಕಂಪನಾಂಕವನ್ನು ಚೂರುಚೂರೇ ತಿರುಗಿಸುತ್ತಾ ಹೋಗುತ್ತಾರೆ.

ಕಪ್ಪುದ್ರವ್ಯವೇ ಇಲ್ಲ, ಗುರುತ್ವದ ನಿಯಮವೇ ತಪ್ಪು ಎಂದರೆ?

ಇಸ್ರೇಲಿನ ಭೌತವಿಜ್ಞಾನಿ ಮಿಲ್‌ಗ್ರೋಮ್ 1983ರಿಂದ ಅದನ್ನೇ ಹೇಳುತ್ತಿದ್ದಾರೆ. ಅವರ ನಿಯಮ ಬದಲಾಗುವುದು ವೇಗೋತ್ಕರ್ಷ ಅತಿ ಕಡಿಮೆಯಾದಾಗ. ನೆಪ್ಚೂನ್ ಮೇಲಿನ ಸೂರ್ಯನ ಎಳೆತವೂ ಆ ಮಿತಿಗಿಂತ 50,000 ಪಟ್ಟು ಹೆಚ್ಚು. ಹಾಗಾಗಿ ಗ್ರಹಗಳ ನಡುವೆ ಎರಡು ವಾದಗಳ ವ್ಯತ್ಯಾಸ ಕಾಣುವುದು ಬಹಳ ಕಷ್ಟ. ಗೆಲಾಕ್ಸಿ ಗುಚ್ಛಗಳಲ್ಲಿ ಮಾತ್ರ ಈ ವಾದ ಎಡವುತ್ತದೆ, ಅಲ್ಲಿ ಅದಕ್ಕೂ ಕಾಣದ ದ್ರವ್ಯ ಬೇಕಾಗುತ್ತದೆ.

ದುರ್ಬೀನಿನಲ್ಲಿ ನೋಡಬಹುದಾದದ್ದು ಏನಾದರೂ ಇದೆಯೇ?

ಕಪ್ಪುದ್ರವ್ಯ ಕಾಣುವುದಿಲ್ಲ. ರೂಬಿನ್ ಅಳೆದ ಆಂಡ್ರೊಮಿಡಾ ಗೆಲಾಕ್ಸಿ ಕಾಣುತ್ತದೆ. ನವೆಂಬರ್ ಕೊನೆಯ ವಾರ, ಅಮಾವಾಸ್ಯೆಯ ಆಸುಪಾಸಿನಲ್ಲಿ, ರಾತ್ರಿ ಎಂಟಕ್ಕೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. 7×50 ಅಥವಾ 10×50 ದುರ್ಬೀನು ಸಾಕು. ಮೊಬೈಲ್ ಜೇಬಿಗೆ ಹಾಕಿ 20 ನಿಮಿಷ ಕಣ್ಣನ್ನು ಕತ್ತಲಿಗೆ ಬಿಡಿ. ಇಂಗ್ಲಿಷಿನ ‘ಎಮ್’ ಅಕ್ಷರದಂತೆ ಕಾಣುವ ಕುಂತೀಪುಂಜದ ಮೇಲೆ, ನೆತ್ತಿಯ ಕಡೆಗೆ ಹುಡುಕಿದರೆ ದಿಗಂತದಿಂದ ಮೂರರಲ್ಲಿ ಎರಡು ಪಾಲು ಎತ್ತರದಲ್ಲಿ ಬೂದುಬಣ್ಣದ ಉದ್ದನೆ ಮಚ್ಚೆ ಸಿಗುತ್ತದೆ.

ಇಲ್ಲಿ ಕೈಕೊಡುವುದು ಮೋಡಕ್ಕಿಂತ ಇಬ್ಬನಿ. ಅರ್ಧ ಗಂಟೆಯಲ್ಲಿ ಮಸೂರ ಮಂಕಾಗುತ್ತದೆ. ಟವಲಿನಿಂದ ಒರೆಸಬೇಡಿ, ಗೀರು ಬೀಳುತ್ತದೆ. ಜಾಕೆಟ್ಟಿನೊಳಗೆ ಹತ್ತು ನಿಮಿಷ ಇಟ್ಟು ಬೆಚ್ಚಗಾದ ಮೇಲೆ ಮತ್ತೆ ನೋಡಿ. ಮನೆಗೆ ಬಂದ ಮೇಲೆ ಮುಚ್ಚಳ ತೆಗೆದು ಒಣಗಿಸಿಯೇ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿಗೆ ಬೂಷ್ಟು ಹಿಡಿದಿರುತ್ತದೆ.